ಮೂವರು ಅಕ್ಕತಂಗಿಯರು, ಒಬ್ಬ ಅರಸ

ರಾಜ್ಯವೊಂದು ಮುರಿದುಬಿದ್ದಾಗ ಅದರ ಅಪವಾದವನ್ನು ಹೊರಿಸಲು ಒಬ್ಬ ಹೆಣ್ಣನ್ನು ಹುಡುಕುವುದು ಲೋಕದ ಹಳೆಯ ವಾಡಿಕೆ. ಅಯೋಧ್ಯೆಯ ಕಣ್ಣೀರಿಗೆ ಕೈಕೇಯಿ ಹೊಣೆಯಾದಳು. ಟ್ರಾಯ್ ನಗರದ ಬೆಂಕಿಗೆ ಹೆಲೆನ್ ಹೊಣೆಯಾದಳು. ನಮ್ಮ ನೆರೆಯ ಬ್ರಹ್ಮದೇಶದಲ್ಲಿ ಈ ಅಪಕೀರ್ತಿ ಪಾಲಿಗೆ ಬಂದದ್ದು ರಾಣಿ ಸುಪಯಾಲಾತಳಿಗೆ. 1885ರ ಕಡೆಯಲ್ಲಿ ಆ ದೇಶದ ಕೊನೆಯ ಅರಸ ಥೀಬೋ ಸಿಂಹಾಸನವನ್ನು ಕಳೆದುಕೊಂಡು ಇಂಗ್ಲಿಷರ ಸೆರೆಯಾಳಾಗಿ ಭಾರತಕ್ಕೆ ಬಂದನು. ಅಂದು ಅವನ ಸೋಲಿನ ಕಾರಣವನ್ನು ಬಹುಮಂದಿ ಅವನ ಅಂತಃಪುರದಲ್ಲಿ ಹುಡುಕಿದರು. ಗಂಡನನ್ನು ಸೆರಗಿಗೆ ಕಟ್ಟಿಕೊಂಡು ರಾಜ್ಯವನ್ನು ಕೆಡಿಸಿದ ಮಾಯಾವಿನಿ ಎಂದು ಸುಪಯಾಲಾತಳನ್ನು ಬಣ್ಣಿಸಿದರು. ಇಂಗ್ಲಿಷ್ ಸೋಲ್ಜರುಗಳು ಆಕೆಯ ಹೆಸರನ್ನು 'ಸೂಪ್ ಪ್ಲೇಟ್' ಎಂದು ತಿರುಚಿ ನಕ್ಕರು. ಕಿಪ್ಲಿಂಗ್ ಕವಿಯು ತನ್ನ 'ಮ್ಯಾಂಡಲೇ' ಎಂಬ ಪ್ರಸಿದ್ಧ ಕವಿತೆಯಲ್ಲಿ ಚುಟ್ಟಾ ಸೇದುವ ಒಬ್ಬ ಬರ್ಮೀ ಹುಡುಗಿಗೆ ಈ ರಾಣಿಯ ಹೆಸರನ್ನೇ ಇಟ್ಟನು.

ಇಷ್ಟೆಲ್ಲ ನಿಂದೆಗೆ ಗುರಿಯಾದ ಈ ಹೆಣ್ಣು ಬೇಡಿದ್ದಾದರೂ ಏನು? ತನ್ನ ಗಂಡನಿಗೆ ತಾನೊಬ್ಬಳೇ ಹೆಂಡತಿಯಾಗಿರಬೇಕು ಎಂಬುದು. ನಮ್ಮ ನಿಮ್ಮ ಮನೆಗಳಲ್ಲಿ ಇದನ್ನು ಬೇಡಿಕೆಯೆಂದೂ ಯಾರೂ ಕರೆಯುವುದಿಲ್ಲ; ಅದು ಗೃಹಿಣಿಯ ಹುಟ್ಟುಹಕ್ಕು. ಆದರೆ ಮ್ಯಾಂಡಲೇ ನಗರದ ಅರಮನೆಯಲ್ಲಿ ಇದೇ ಬೇಡಿಕೆ ಒಂದು ಪ್ರಮಾದವಾಯಿತು. ಅದರ ಬೆಲೆಯನ್ನು ಆಕೆಯ ಸ್ವಂತ ಅಕ್ಕ ತೆತ್ತಳು, ತಂಗಿ ತೆತ್ತಳು, ಒಬ್ಬ ಅನ್ಯ ಹುಡುಗಿ ಪ್ರಾಣವನ್ನೇ ತೆತ್ತಳು. ಕಡೆಗೆ ಆಕೆಯೂ ತೆತ್ತಳು. ಆ ಕಥೆಯನ್ನು ತಿಳಿಯಬೇಕಾದರೆ ಮೊದಲು ಮೂವರು ಅಕ್ಕತಂಗಿಯರನ್ನೂ ಅವರ ತಾಯಿಯನ್ನೂ ಅರಿಯಬೇಕು.

ತಾಯಿಯ ಎಣಿಕೆ

ಥೀಬೋವಿನ ತಂದೆ ಮಿಂಡೋನ್ ದೊರೆ ಪಟ್ಟಕ್ಕೆ ಬಂದದ್ದು 1853ರಲ್ಲಿ. ಅಷ್ಟು ಹೊತ್ತಿಗೆ ಎರಡು ಯುದ್ಧಗಳಲ್ಲಿ ಇಂಗ್ಲಿಷರು ಬ್ರಹ್ಮದೇಶದ ಕಡಲತೀರವನ್ನೆಲ್ಲ ನುಂಗಿದ್ದರು. ಉಳಿದ ಉತ್ತರ ಭಾಗಕ್ಕೆ ಮಿಂಡೋನನು ಮ್ಯಾಂಡಲೇ ಎಂಬ ಹೊಸ ರಾಜಧಾನಿಯನ್ನು ಕಟ್ಟಿಸಿದನು. ಧರ್ಮಭೀರುವಾದ ದೊರೆ. 1871ರಲ್ಲಿ ಬೌದ್ಧರ ಐದನೆಯ ಮಹಾಸಂಗೀತಿಯನ್ನು ನಡೆಯಿಸಿದವನು. ತ್ರಿಪಿಟಕವನ್ನು 729 ಅಮೃತಶಿಲೆಯ ಹಲಗೆಗಳ ಮೇಲೆ ಕೆತ್ತಿಸಿದವನು. ಆದರೆ ಸಂಸಾರದ ವಿಷಯದಲ್ಲಿ ಅವನು ಹಿಂದಿನ ಅರಸರ ಹಾದಿಯಲ್ಲೇ ನಡೆದನು. ಅವನ ಅಂತಃಪುರದಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ರಾಣಿಯರಿದ್ದರು. ಮಕ್ಕಳ ಸಂಖ್ಯೆ ನೂರನ್ನು ಮೀರಿದ್ದಿತು.

ಮಕ್ಕಳು ಹೆಚ್ಚಾದರೆ ಸಿಂಹಾಸನ ಚಿಕ್ಕದಾಗುತ್ತದೆ. 1866ರಲ್ಲಿ ದೊರೆಯ ಇಬ್ಬರು ಮಕ್ಕಳು ದಂಗೆಯೆದ್ದು, ಯುವರಾಜನಾಗಿದ್ದ ತಮ್ಮ ಚಿಕ್ಕಪ್ಪನನ್ನೇ ಕೊಂದರು. ಆ ಪೆಟ್ಟಿನಿಂದ ಮಿಂಡೋನನು ಚೇತರಿಸಿಕೊಳ್ಳಲಿಲ್ಲ. ಯಾವ ಮಗನನ್ನು ಯುವರಾಜನೆಂದು ಹೆಸರಿಸಿದರೂ ಅದು ಅವನ ಮರಣಶಾಸನವಾದೀತೆಂದು ಅಂಜಿ ಆ ಮಾತನ್ನೇ ಮುಂದೂಡುತ್ತ ಬಂದನು.

1876ರಲ್ಲಿ ಪಟ್ಟದ ರಾಣಿ ತೀರಿಕೊಂಡಳು, ಆಕೆಗೆ ಮಕ್ಕಳಿರಲಿಲ್ಲ. ಅಲ್ಲಿಂದ ಮುಂದೆ ಅಂತಃಪುರದಲ್ಲಿ ಮೇಲುಗೈಯಾದವಳು 'ನಡು ಅರಮನೆಯ ರಾಣಿ' ಎನಿಸಿದ್ದ ಸಿನ್‌ಬ್ಯುಮಶಿನ್. ಆ ಹೆಸರಿಗೆ 'ಬಿಳಿಯಾನೆಯ ಒಡತಿ' ಎಂದು ಅರ್ಥ. ಇವಳು ಸಾಮಾನ್ಯಳಲ್ಲ. ಹಿಂದಿನ ಅರಸ ಬಜೀಡಾನ ಮಗಳು. ಇವಳ ತಾಯಿ ಮೆ ನು ಸಾಮಾನ್ಯರ ಮನೆಯಿಂದ ಬಂದು ಪಟ್ಟದ ರಾಣಿಯಾಗಿ, ಗಂಡನ ಹೆಸರಿನಲ್ಲಿ ದೇಶವನ್ನೇ ಆಳಿದವಳು. ಬಜೀಡಾನನ್ನು ಅವನ ತಮ್ಮ ಪದಚ್ಯುತಗೊಳಿಸಿದ ಮೇಲೆ, 1840ರಲ್ಲಿ ಅದೇ ಮೆ ನು ವಧೆಗೆ ಗುರಿಯಾದಳು. ಆಗ ಮಗಳು ಇನ್ನೂ ಹತ್ತೊಂಬತ್ತು ಇಪ್ಪತ್ತರ ಪ್ರಾಯದವಳು. ಸಿಂಹಾಸನದ ಪಕ್ಕದಲ್ಲಿ ಕುಳಿತ ಹೆಣ್ಣಿಗೆ ಮೇಲೇರಲು ಮೆಟ್ಟಿಲುಗಳುಂಟು, ಇಳಿದು ಬರಲು ಇಲ್ಲ ಎಂಬ ಪಾಠವನ್ನು ಅವಳು ತಾಯಿಯ ಮರಣದಿಂದ ಕಲಿತಿರಬೇಕು.

ಸಿನ್‌ಬ್ಯುಮಶಿನ್ನಳಿಗೆ ಗಂಡುಮಕ್ಕಳಿರಲಿಲ್ಲ, ಮೂವರು ಹೆಣ್ಣುಮಕ್ಕಳಿದ್ದರು. ಸುಪಯಾಜೀ, ಸುಪಯಾಲಾತ್, ಸುಪಯಾಲೇ. ಬರ್ಮೀ ನುಡಿಯಲ್ಲಿ 'ಜೀ' ಎಂದರೆ ದೊಡ್ಡದು, 'ಲಾತ್' ಎಂದರೆ ನಡುವಣದು, 'ಲೇ' ಎಂದರೆ ಚಿಕ್ಕದು. ನಮ್ಮಲ್ಲಿ ದೊಡ್ಡಮ್ಮಣ್ಣಿ, ಚಿಕ್ಕಮ್ಮಣ್ಣಿ ಎಂದು ಕರೆಯುವುದಿಲ್ಲವೆ, ಹಾಗೆ. ಗಂಡುಮಗನಿಲ್ಲದ ತಾಯಿಗೆ ಅಧಿಕಾರ ಉಳಿಯಬೇಕಾದರೆ ಮುಂದಿನ ಅರಸನು ಅಳಿಯನಾಗಬೇಕು. ಆ ಅಳಿಯನು ತನ್ನ ಮಾತನ್ನು ಮೀರದ ಮೆದು ಮನಸ್ಸಿನವನಾಗಿರಬೇಕು. ಅವಳ ಕಣ್ಣು ಬಿದ್ದದ್ದು ಥೀಬೋವಿನ ಮೇಲೆ.

ಪುಸ್ತಕಪ್ರಿಯ ರಾಜಕುಮಾರ

ಥೀಬೋ 1859ನೆಯ ಇಸವಿಯ ಮೊದಲ ದಿನ ಹುಟ್ಟಿದವನು. ತಾಯಿ ದೊರೆಯ ಅವಕೃಪೆಗೆ ಪಾತ್ರಳಾಗಿ ಅರಮನೆಯಿಂದ ಹೊರಬಿದ್ದು ಸನ್ಯಾಸಿನಿಯಾಗಿದ್ದಳು. ಹೀಗಾಗಿ ಹುಡುಗನಿಗೆ ಬೆಂಬಲವೆಂಬುದಿರಲಿಲ್ಲ. ಮ್ಯಾಂಡಲೇಯಲ್ಲಿ ಡಾಕ್ಟರ್ ಮಾರ್ಕ್ಸ್ ಎಂಬ ಪಾದ್ರಿ ನಡೆಸುತ್ತಿದ್ದ ಇಂಗ್ಲಿಷ್ ಶಾಲೆಗೆ ಅರಸುಮಕ್ಕಳು ಆನೆಯ ಮೇಲೆ ಕುಳಿತು ಬರುತ್ತಿದ್ದರಂತೆ. ಅವರಲ್ಲಿ ಇವನೂ ಒಬ್ಬ. ಅನಂತರ ವಿಹಾರದಲ್ಲಿ ಪಾಲಿ ಗ್ರಂಥಗಳನ್ನು ಓದಿ 1877ರಲ್ಲಿ ದೊಡ್ಡ ಧರ್ಮಪರೀಕ್ಷೆಯೊಂದರಲ್ಲಿ ತೇರ್ಗಡೆ ಹೊಂದಿದನು. ಮಗನ ಪಾಂಡಿತ್ಯವನ್ನು ಕಂಡು ಮುದುಕ ದೊರೆ ಹಿಗ್ಗಿದನೆಂದು ಹೇಳುತ್ತಾರೆ. ಸೌಮ್ಯ ಸ್ವಭಾವದ ಈ ತರುಣನನ್ನು ಸುಪಯಾಲಾತ್ ಮೆಚ್ಚಿದಳು.

ಇಲ್ಲಿ ನಮ್ಮ ಕಿವಿಗೆ ಕಠೋರವಾಗಿ ಕೇಳುವ ಒಂದು ಸಂಗತಿಯನ್ನು ಹೇಳಲೇಬೇಕು. ಸುಪಯಾಲಾತ್ ಮತ್ತು ಥೀಬೋ ಒಬ್ಬನೇ ತಂದೆಯ ಮಕ್ಕಳು, ತಾಯಂದಿರು ಮಾತ್ರ ಬೇರೆ. ಬ್ರಹ್ಮದೇಶದ ಅರಸುಮನೆತನದಲ್ಲಿ ಇದು ನಿಷಿದ್ಧವಾಗಿರಲಿಲ್ಲ. ಅದೇ ಶ್ರೇಷ್ಠವಾದ ಸಂಬಂಧವೆನಿಸಿತ್ತು. ರಾಜರಕ್ತಕ್ಕೆ ಬೇರೆ ರಕ್ತ ಬೆರೆಯಬಾರದು, ಹೊರಗಿನ ಬೀಗರು ಸಿಂಹಾಸನದ ಮೇಲೆ ಹಕ್ಕು ಹೂಡಬಾರದು ಎಂಬುದು ಅದರ ತಾತ್ಪರ್ಯ. ಮುಂದಿನ ಅರಸನಿಗೆ ಪಟ್ಟದ ರಾಣಿಯಾಗಲೆಂದು ಒಬ್ಬ ರಾಜಕುಮಾರಿಯನ್ನು ಮದುವೆಯಿಲ್ಲದೆ ಮೀಸಲಾಗಿ ಇರಿಸುವ ಪದ್ಧತಿಯೂ ಇದ್ದಿತು. ಮಿಂಡೋನನು ಹಾಗೆ ಮೀಸಲಿರಿಸಿದ್ದುದು ಸಲಿನ್ ರಾಜಕುಮಾರಿಯೆಂಬ ತನ್ನ ಮುದ್ದಿನ ಮಗಳನ್ನು. ತಂದೆ ಕಣ್ಮುಚ್ಚಿದ ಮೇಲೆ ಆಕೆ ಕೇಶವನ್ನು ತೆಗೆಯಿಸಿ ಸನ್ಯಾಸಿನಿಯ ವ್ರತವನ್ನು ಹಿಡಿದಳು. ಅರಮನೆಯ ಹೆಣ್ಣಿಗೆ ಮದುವೆಯನ್ನು ಬೇಡವೆನ್ನುವ ದಾರಿ ಅದೊಂದೇ ಆಗಿದ್ದಿತು.

1878ರ ಸೆಪ್ಟೆಂಬರಿನಲ್ಲಿ ಮಿಂಡೋನನು ಹಾಸಿಗೆ ಹಿಡಿದನು. 'ದೊರೆಯ ಅಪ್ಪಣೆ' ಎಂದು ಹೇಳಿಕಳುಹಿಸಿ ಅರಸುಮಕ್ಕಳನ್ನು ಅರಮನೆಗೆ ಕರೆಯಿಸಿದರು; ಬಂದವರನ್ನು ಸೆರೆಯಲ್ಲಿಟ್ಟರು. ಅಪಾಯದ ಸುಳಿವು ಸಿಕ್ಕಿದ ಇಬ್ಬರು ಮಾತ್ರ ಇಂಗ್ಲಿಷ್ ರೆಸಿಡೆಂಟನ ಮನೆಯನ್ನು ಸೇರಿ ಬದುಕಿಕೊಂಡರು. ಸಿನ್‌ಬ್ಯುಮಶಿನ್ನಳ ಜೊತೆಗೆ ಹಿರಿಯ ಮಂತ್ರಿಗಳೂ ಸೇರಿದ್ದರು. ಅವರಲ್ಲಿ ಪ್ರಮುಖನಾದ ಕಿನ್‌ವುನ್ ಮಿಂಜೀ ಇಂಗ್ಲೆಂಡಿಗೂ ಹೋಗಿ ಬಂದಿದ್ದ ರಾಜನೀತಿಜ್ಞ. ಎಳೆಯ ಅರಸನು ಬಂದರೆ ಆಡಳಿತವನ್ನು ಹೊಸ ರೀತಿಯಲ್ಲಿ ತಿದ್ದಬಹುದೆಂದು ಅವನ ಆಸೆ. ಹೀಗೆ ಒಬ್ಬೊಬ್ಬರು ಒಂದೊಂದು ಲೆಕ್ಕ ಹಾಕಿ ಥೀಬೋವನ್ನು ಆರಿಸಿದರು. ಅಕ್ಟೋಬರ್ 1ರಂದು ಮಿಂಡೋನನು ತೀರಿಕೊಂಡನು. ಹತ್ತೊಂಬತ್ತು ವರ್ಷದ ಥೀಬೋ ದೊರೆಯಾದನು.

ಒಂದು ಪಟ್ಟ, ಇಬ್ಬರು ರಾಣಿಯರು

ತಾಯಿಯ ಎಣಿಕೆಯಂತೆ ಪಟ್ಟದ ರಾಣಿಯಾಗಬೇಕಾದವಳು ಹಿರಿಯ ಮಗಳು ಸುಪಯಾಜೀ. ಹಿರಿಯಳಿರುವಾಗ ಕಿರಿಯಳಿಗೆ ಮೊದಲ ಸ್ಥಾನ ಸಲ್ಲುವುದು ಹೇಗೆ? ಆದರೆ ಥೀಬೋವಿನ ಮನಸ್ಸು ನಡುವಣವಳಲ್ಲಿತ್ತು. ಅಭಿಷೇಕದ ದಿನ ಸುಪಯಾಲಾತ್ ಸಂಪ್ರದಾಯವನ್ನು ಬದಿಗೊತ್ತಿ ಮುಂದೆ ಬಂದು ಅಕ್ಕನ ಸಮಕ್ಕೆ ನಿಂತಳೆಂದೂ, ಇಬ್ಬರಿಗೂ ಒಟ್ಟಿಗೆ ಅಭಿಷೇಕವಾಯಿತೆಂದೂ ಹೇಳುತ್ತಾರೆ. ಹತ್ತೊಂಬತ್ತೂ ತುಂಬದ ಹುಡುಗಿ ನೆರೆದ ಸಭೆಯ ಮುಂದೆ ಇಟ್ಟ ಆ ನಾಲ್ಕು ಹೆಜ್ಜೆಗಳಲ್ಲಿ ಅವಳ ಮುಂದಿನ ಬಾಳೆಲ್ಲ ಅಡಗಿದೆ.

ಅಂದಿನಿಂದ ಸುಪಯಾಜೀ ಹೆಸರಿಗೆ ರಾಣಿಯಾಗಿ ಉಳಿದಳು. ಆ ದಾಂಪತ್ಯ ಹೆಸರಿನಾಚೆಗೆ ನಡೆಯಲೇ ಇಲ್ಲ. ಸ್ಥಾನವಿತ್ತು, ಮಾನವಿತ್ತು, ದಾಸಿಯರಿದ್ದರು. ಗಂಡನು ಮಾತ್ರ ಅವಳ ಪಾಲಿಗೆ ಇರಲಿಲ್ಲ. ಮದುವೆಯಾಗದ ಹೆಣ್ಣಿಗೆ ಇರುವ ನಿರೀಕ್ಷೆಯೂ ಇಲ್ಲ, ಮದುವೆಯಾದ ಹೆಣ್ಣಿಗೆ ಇರುವ ಸಂಸಾರವೂ ಇಲ್ಲ. ದೇಗದ ಮರದ ಕೆತ್ತನೆಗೆ ಚಿನ್ನದ ತಗಡು ಹೊದಿಸಿದ ಆ ಅರಮನೆಯಲ್ಲಿ ಅವಳ ದಿನಗಳು ಹೇಗೆ ಕಳೆದಿರಬಹುದೆಂಬುದನ್ನು ಓದುಗರೇ ಊಹಿಸಿಕೊಳ್ಳಬೇಕು. ಅವಳ ಮೇಲೆ ಯಾರೂ ಕವಿತೆ ಕಟ್ಟಲಿಲ್ಲ, ಯಾರೂ ಅಪವಾದವನ್ನೂ ಹೊರಿಸಲಿಲ್ಲ. ಈ ಕಥೆಯಲ್ಲಿ ಯಾವ ತಪ್ಪನ್ನೂ ಮಾಡದೆ ಎಲ್ಲವನ್ನೂ ಕಳೆದುಕೊಂಡವಳು ಅವಳೇ.

ಪಟ್ಟವಾದ ಕೆಲವೇ ತಿಂಗಳಿಗೆ, 1879ರ ಫೆಬ್ರವರಿಯಲ್ಲಿ, ಅರಮನೆಯ ಚರಿತ್ರೆಯನ್ನೇ ಕಪ್ಪಾಗಿಸಿದ ಘೋರಕೃತ್ಯ ನಡೆಯಿತು. ಸೆರೆಯಲ್ಲಿದ್ದ ರಾಜಕುಮಾರರನ್ನೂ ಅವರ ಪಕ್ಷದ ತಾಯಂದಿರನ್ನೂ ಅಕ್ಕತಂಗಿಯರನ್ನೂ ಕೊಲ್ಲಿಸಿದರು. ಸತ್ತವರ ಸಂಖ್ಯೆ ಎಂಬತ್ತರ ಆಸುಪಾಸು. ರಾಜರಕ್ತವು ನೆಲಕ್ಕೆ ಬೀಳಬಾರದೆಂಬ ನಂಬಿಕೆಯಿಂದ ಅವರನ್ನು ಚೀಲಗಳಲ್ಲಿ ಕಟ್ಟಿ ದೊಣ್ಣೆಗಳಿಂದ ಹೊಡೆದರಂತೆ. ಕೂಗು ಹೊರಗೆ ಕೇಳಿಸದಂತೆ ವಾದ್ಯಗಳನ್ನು ಬಾರಿಸಿದರಂತೆ. ಇದರ ಹಿಂದೆ ಸಿನ್‌ಬ್ಯುಮಶಿನ್ ಮತ್ತು ಟೈಂಗ್‌ಡಾ ಮಿಂಜೀ ಎಂಬ ಮಂತ್ರಿಯ ಕೈಯಿದ್ದಿತೆಂಬುದರಲ್ಲಿ ಬಹುಪಾಲು ಇತಿಹಾಸಕಾರರಿಗೆ ಸಂದೇಹವಿಲ್ಲ. ಸುಪಯಾಲಾತಳ ಪಾಲು ಎಷ್ಟೆಂಬುದು ಇಂದಿಗೂ ಚರ್ಚೆಯ ವಿಷಯ. ಆದರೆ ಆ ಸಿಂಹಾಸನದ ಮೇಲೆ ಅವಳು ಕುಳಿತಿದ್ದಳು. ಆ ನೆತ್ತರಿನ ಕಲೆ ಅವಳ ಸೆರಗಿನಿಂದ ಹೋಗಲಿಲ್ಲ.

ಸವತಿಯೆಂಬ ಬೆಂಕಿ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಮ್ಮ ಗಾದೆ. ಅರಮನೆಯಲ್ಲಿ ಅದು ಅಷ್ಟಕ್ಕೇ ಮುಗಿಯುವುದಿಲ್ಲ. 1881–82ರ ಸುಮಾರಿಗೆ ಥೀಬೋವಿನ ಮನಸ್ಸು ಮಿ ಖಿಂಜೀ ಎಂಬ ತರುಣಿಯತ್ತ ಹರಿಯಿತು. ಆಸ್ಥಾನದಲ್ಲಿ ಸೇವೆ ಸಲ್ಲಿಸುತ್ತಿದ್ದ ದೊಡ್ಡ ಮನೆತನದ ಹುಡುಗಿ ಅವಳು. ಹಿಂದಿನ ಯಾವ ಅರಸನಾಗಿದ್ದರೂ ಅವಳಿಗೆ ಒಂದು ಪದವಿಯನ್ನೂ ಒಂದು ಭವನವನ್ನೂ ಕೊಟ್ಟು ಅಂತಃಪುರಕ್ಕೆ ಸೇರಿಸಿಕೊಳ್ಳುತ್ತಿದ್ದನು, ಯಾರೂ ಹುಬ್ಬೇರಿಸುತ್ತಿರಲಿಲ್ಲ. ಥೀಬೋ ಮಾತ್ರ ಈ ಪ್ರೇಮವನ್ನು ಕಳ್ಳನಂತೆ ಬಚ್ಚಿಡಬೇಕಾಯಿತು. ಇಡೀ ದೇಶದ ಪ್ರಾಣದ ಮೇಲೆ ಅಧಿಕಾರವಿದ್ದ ಅರಸನಿಗೆ ಹೆಂಡತಿಯ ಎದುರಿಗೆ ನಿಂತು ನಿಜವನ್ನಾಡುವ ಧೈರ್ಯವಿರಲಿಲ್ಲ.

ಗುಟ್ಟು ರಟ್ಟಾಯಿತು. ಸುಪಯಾಲಾತಳ ಕೋಪಕ್ಕೆ ಅರಮನೆ ನಡುಗಿತು. ಥೀಬೋ ಮೊದಲು ವಾದಿಸಿದನು, ಅನಂತರ ಬೇಡಿಕೊಂಡನು, ಕಡೆಗೆ ಕೈಬಿಟ್ಟನು. ಮಿ ಖಿಂಜೀಯನ್ನು ಸೆರೆಹಿಡಿದು ಕೊಲ್ಲಿಸಿದರು. ಈ ಪ್ರೇಮಕ್ಕೆ ನೆರವಾಗಿದ್ದ, ಯನೌಂಗ್ ಪದವಿಯಲ್ಲಿದ್ದ ಅರಸನ ಆಪ್ತಮಿತ್ರನೂ ಸೆರೆಮನೆಯಲ್ಲೇ ಪ್ರಾಣ ಬಿಟ್ಟನು.

ಇಲ್ಲಿ ನಾವು ನ್ಯಾಯವನ್ನು ಜಾಗರೂಕತೆಯಿಂದ ತೂಗಬೇಕಾಗಿದೆ. ಗಂಡನು ತನ್ನೊಬ್ಬಳವನೇ ಆಗಿರಬೇಕೆಂದ ಹೆಣ್ಣಿನಲ್ಲಿ ತಪ್ಪಿಲ್ಲ. ಆದರೆ ಅದನ್ನು ಸಾಧಿಸಲು ಇನ್ನೊಬ್ಬ ಹೆಣ್ಣಿನ ಪ್ರಾಣವನ್ನು ತೆಗೆಯಿಸಿದ್ದು ಕ್ಷಮೆಗೆ ನಿಲುಕದ ಅಪರಾಧ. ಹಾಗೆಯೇ, ತಾನು ಪ್ರೀತಿಸಿದವಳನ್ನು ಕಾಪಾಡಲಾರದೆ ಹೋದ ಅರಸನ ಅಪರಾಧವನ್ನೂ ಮರೆಯಬಾರದು. ವಿಚಿತ್ರವೆಂದರೆ, ನಡೆದುದಕ್ಕೆಲ್ಲ 'ರಾಣಿಯ ಮತ್ಸರ' ಎಂಬ ಒಂದೇ ಹೆಸರು ಉಳಿಯಿತು. 'ಅರಸನ ಹೇಡಿತನ' ಎಂಬ ಮಾತನ್ನು ಯಾರೂ ಆಡಲಿಲ್ಲ.

ಈ ಏಕಪತ್ನೀವ್ರತಕ್ಕೆ ಇನ್ನೊಂದು ಮುಖವೂ ಇದ್ದಿತು. ಮಿಂಡೋನನ ಐವತ್ತು ರಾಣಿಯರೆಂದರೆ ಕೇವಲ ಭೋಗದ ಮಾತಲ್ಲ. ಅವರಲ್ಲಿ ಶಾನ್ ಬೆಟ್ಟಸೀಮೆಯ ಪಾಳೆಯಗಾರರ ಹೆಣ್ಣುಮಕ್ಕಳಿದ್ದರು, ಅಧಿಕಾರಿಗಳ ಹೆಣ್ಣುಮಕ್ಕಳಿದ್ದರು. ಒಬ್ಬೊಬ್ಬ ರಾಣಿಯೂ ರಾಜಧಾನಿಗೂ ದೂರದ ಒಂದೊಂದು ಸೀಮೆಗೂ ನಡುವಣ ನಂಟಿನ ಎಳೆ. ತಮ್ಮ ಮಗಳು ಅರಮನೆಯಲ್ಲಿರುವವರೆಗೆ ಆ ಸೀಮೆಯವರಿಗೆ ಅರಸನು ಅಳಿಯ. ಅಳಿಯನ ಮೇಲೆ ಕತ್ತಿಯೆತ್ತಲು ಹಿಂಜರಿಕೆಯಿರುತ್ತದೆ. ಸುಪಯಾಲಾತಳ ಕಾಲದಲ್ಲಿ ಈ ಎಳೆಗಳು ಕಡಿದುಹೋದವು. ಥೀಬೋವಿನ ಆಳ್ವಿಕೆಯಲ್ಲಿ ಶಾನ್ ಪಾಳೆಯಗಾರರು ಒಬ್ಬರಾದ ಮೇಲೊಬ್ಬರು ದಂಗೆಯೆದ್ದುದಕ್ಕೆ ತೆರಿಗೆಯ ಭಾರ ಮೊದಲಾದ ಬೇರೆ ಕಾರಣಗಳೂ ಇದ್ದವು. ಆದರೆ ನಂಟು ಕಡಿದದ್ದು ಅವುಗಳೊಂದಿಗೆ ಸೇರಿತು. ಮನೆಯ ನ್ಯಾಯವೂ ರಾಜ್ಯದ ನ್ಯಾಯವೂ ಹೀಗೆ ಎದುರುಬದುರಾಗಿ ನಿಂತ ಅರಮನೆಯಲ್ಲಿ ಯಾವ ಹೆಂಡತಿ ತಾನೆ ಸುಖವಾಗಿರಬಲ್ಲಳು?

ತೇಗದ ಮರದ ಯುದ್ಧ

ಹಾಗಾದರೆ ರಾಜ್ಯವು ಬಿದ್ದದ್ದು ಈ ಹೆಣ್ಣಿನಿಂದಲೆ? ಲೆಕ್ಕದ ಪುಸ್ತಕಗಳು ಬೇರೆ ಕಥೆಯನ್ನು ಹೇಳುತ್ತವೆ. ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ ಎಂಬ ಇಂಗ್ಲಿಷ್ ಕಂಪೆನಿ ಥೀಬೋವಿನ ಕಾಡುಗಳಲ್ಲಿ ತೇಗವನ್ನು ಕಡಿಯುತ್ತಿದ್ದಿತು. ಸಲ್ಲಬೇಕಾದ ಹಣವನ್ನು ಕೊಡದೆ ಮರ ಸಾಗಿಸಿತೆಂದು ಅರಸನ ಮಂತ್ರಾಲೋಚನ ಸಭೆ 1885ರಲ್ಲಿ ಆ ಕಂಪೆನಿಗೆ 23 ಲಕ್ಷ ರೂಪಾಯಿಗಳ ದಂಡ ವಿಧಿಸಿತು. ಅದೇ ವರ್ಷದ ಜನವರಿಯಲ್ಲಿ ಥೀಬೋ ಫ್ರೆಂಚರೊಡನೆ ಒಪ್ಪಂದವನ್ನೂ ಮಾಡಿಕೊಂಡಿದ್ದನು. ಪಕ್ಕದ ಇಂಡೋಚೀನದಲ್ಲಿ ಬೇರೂರುತ್ತಿದ್ದ ಫ್ರೆಂಚರು ಮ್ಯಾಂಡಲೇಗೂ ಕಾಲಿಟ್ಟಾರೆಂಬ ಅಂಜಿಕೆ ಇಂಗ್ಲಿಷರಿಗೆ. ಉತ್ತರ ಬರ್ಮಾದ ವ್ಯಾಪಾರಕ್ಕಾಗಿ ರಂಗೂನಿನ ವರ್ತಕರು ಬಹುಕಾಲದಿಂದ ಬಾಯಿ ಚಪ್ಪರಿಸುತ್ತಿದ್ದರು. ಅಕ್ಟೋಬರ್ 22ರಂದು ಕಡೆಯ ಎಚ್ಚರಿಕೆಯ ಪತ್ರ ಹೊರಟಿತು. ಕಿನ್‌ವುನ್ ಮಿಂಜೀ ಸಂಧಿಯಾಗಲೆಂದನು. ಸುಪಯಾಲಾತಳೂ ಟೈಂಗ್‌ಡಾ ಮಿಂಜೀಯೂ ಯುದ್ಧವೇ ಆಗಲೆಂದರು. ಯಾವುದನ್ನು ಆರಿಸಿದ್ದರೂ ಸ್ವಾತಂತ್ರ್ಯವು ಉಳಿಯುವಂತಿರಲಿಲ್ಲ: ಒಪ್ಪಿದ್ದರೆ ಅರಸನ ವಿದೇಶ ವ್ಯವಹಾರಗಳೆಲ್ಲ ಇಂಗ್ಲಿಷರ ಅಧೀನಕ್ಕೆ ಹೋಗುತ್ತಿದ್ದವು.

ನವೆಂಬರ್ 14ರಂದು ಇಂಗ್ಲಿಷ್ ಸೈನ್ಯ ಗಡಿಯನ್ನು ದಾಟಿ ಇರಾವತಿ ನದಿಯಲ್ಲಿ ಹಡಗುಗಳ ಮೇಲೆ ಬಂದಿತು. ಎರಡು ವಾರಗಳಲ್ಲಿ ಎಲ್ಲವೂ ಮುಗಿಯಿತು. ನವೆಂಬರ್ 28ರಂದು ಮ್ಯಾಂಡಲೇ ಅವರ ವಶವಾಯಿತು. ಮರುದಿನ ಜನರಲ್ ಪ್ರೆಂಡರ್‌ಗಾಸ್ಟನು ಬಂದು ಅರಸನನ್ನು ಸೆರೆಯಾಳಾಗಿ ಒಪ್ಪಿಕೊಂಡನು. ಥೀಬೋ ಮತ್ತು ಸುಪಯಾಲಾತ್ ಕೈ ಕೈ ಹಿಡಿದುಕೊಂಡು ಅರಮನೆಯಿಂದ ಹೊರಗೆ ಬಂದರು. ನದಿಯವರೆಗೆ ಎತ್ತಿನ ಗಾಡಿಗಳಲ್ಲಿ ಪಯಣ. ಬೀದಿಯ ಎರಡೂ ಬದಿಗೆ ಜನರು ನೆಲಕ್ಕೆ ಮಣಿದು ಅತ್ತರು. 'ಥೂರಿಯಾ' ಎಂಬ ಹಡಗು ಅವರನ್ನು ಹೊತ್ತು ದಕ್ಷಿಣಕ್ಕೆ ಹೊರಟಿತು. ರಾಣಿಗೆ ಆಗ 26 ವರ್ಷವೂ ತುಂಬಿರಲಿಲ್ಲ, ಜೊತೆಯಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳು, ಹೊಟ್ಟೆಯಲ್ಲಿ ಮೂರನೆಯದು. 1886ರ ಜನವರಿ 1ರಂದು ಉತ್ತರ ಬರ್ಮಾ ಇಂಗ್ಲಿಷ್ ಸಾಮ್ರಾಜ್ಯಕ್ಕೆ ಸೇರಿತೆಂಬ ಘೋಷಣೆ ಹೊರಟಿತು. ಅದು ಥೀಬೋವಿನ ಹುಟ್ಟುಹಬ್ಬದ ದಿನ.

ಕಡಲ ದಂಡೆಯ ಸೆರೆ

ಅಕ್ಕತಂಗಿಯರು ಇಲ್ಲಿಗೆ ಅಗಲಿದರು. ಹಿರಿಯಳಾದ ಸುಪಯಾಜೀ ತಾಯಿ ಸಿನ್‌ಬ್ಯುಮಶಿನ್ನಳೊಡನೆ ದಕ್ಷಿಣ ಬರ್ಮಾದ ತವೋಯ್ ಪಟ್ಟಣಕ್ಕೆ ಹೋಗಬೇಕಾಯಿತು. ಮೂವರು ಹೆಣ್ಣುಮಕ್ಕಳನ್ನು ಒಂದೇ ಸಿಂಹಾಸನದ ಸುತ್ತ ಕಟ್ಟಿ ತನ್ನ ಅಧಿಕಾರವನ್ನು ಭದ್ರಪಡಿಸಿಕೊಂಡೆನೆಂದಿದ್ದ ತಾಯಿ, ಸಿಂಹಾಸನವೂ ಇಲ್ಲದೆ, ಗಂಡನ ಸಂಗವನ್ನೇ ಕಾಣದ ಮಗಳೊಬ್ಬಳೊಡನೆ ಉಳಿದಳು. ಆಕೆ 1900ರಲ್ಲಿ ರಂಗೂನಿನಲ್ಲಿ ತೀರಿಕೊಂಡಳು.

ಕಿರಿಯಳಾದ ಸುಪಯಾಲೇ ಮಾತ್ರ ಸುಪಯಾಲಾತಳೊಡನೆ ಭಾರತಕ್ಕೆ ಬಂದಳು. ಅವಳೂ ಥೀಬೋವಿನ ರಾಣಿಯೆಂದೇ ಎಣಿಸಲ್ಪಟ್ಟವಳು. ಅಕ್ಕನ ನೆರಳಿನಲ್ಲಿ ಬದುಕಿದ ಮೂರನೆಯ ರಾಣಿ. ಮೊದಲು ಅವರನ್ನು ಮದರಾಸಿನಲ್ಲಿ ಇರಿಸಿದರು. ಅಲ್ಲಿ 1886ರ ಮಾರ್ಚಿಯಲ್ಲಿ ಮೂರನೆಯ ಮಗಳು ಹುಟ್ಟಿದಳು. ಏಪ್ರಿಲಿನಲ್ಲಿ ಅವರನ್ನು ಪಶ್ಚಿಮ ತೀರದ ರತ್ನಾಗಿರಿಗೆ ಸಾಗಿಸಿದರು. ನಮ್ಮ ಕಾರವಾರ, ಧಾರವಾಡ, ಬೆಳಗಾವಿಗಳಂತೆ ರತ್ನಾಗಿರಿಯೂ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ ಊರು. ಮಾವಿನ ತೋಪುಗಳ ನಡುವೆ, ಅರಬ್ಬೀ ಸಮುದ್ರದ ದಂಡೆಯಲ್ಲಿ, ರೈಲು ಸುಳಿಯದ ಮೂಲೆ. ಅರಸನನ್ನು ಜನರು ಮರೆಯಬೇಕಾದರೆ ಇದಕ್ಕಿಂತ ತಕ್ಕ ಸ್ಥಳ ಬೇರೆ ದೊರೆಯುತ್ತಿರಲಿಲ್ಲ. 1887ರಲ್ಲಿ ಅಲ್ಲಿ ನಾಲ್ಕನೆಯ ಮಗಳೂ ಹುಟ್ಟಿದಳು.

ರತ್ನಾಗಿರಿಯಲ್ಲಿ ಸುಪಯಾಲಾತಳಿಗೆ ಅವಳು ಬಯಸಿದ್ದು ದೊರೆಯಿತು. ಅಂತಃಪುರವಿಲ್ಲ, ಮಿ ಖಿಂಜೀಯರಿಲ್ಲ, ಅರಸನ ಕಿವಿಯೂದುವ ಮಂತ್ರಿಗಳಿಲ್ಲ. ಗಂಡನು ಹಗಲಿರುಳೂ ಕಣ್ಣೆದುರಿಗೆ. ಆದರೆ ಅವನು ಅರಸನಾಗಿ ಉಳಿದಿರಲಿಲ್ಲ. ಸರ್ಕಾರ ಕೊಡುವ ವಿಶ್ರಾಂತಿವೇತನ ಸಾಲದು; ಮ್ಯಾಂಡಲೇಯಿಂದ ತಂದ ಮಾಣಿಕ್ಯಗಳನ್ನು ಒಂದೊಂದಾಗಿ ಮಾರಬೇಕು; ಮನೆಯ ಸಣ್ಣ ಸಣ್ಣ ವಿಷಯಕ್ಕೂ ಅಧಿಕಾರಿಗೆ ಅರ್ಜಿ ಬರೆಯಬೇಕು. ಅವರಿಗಾಗಿ ಸರ್ಕಾರ ಕಟ್ಟಿಸಿದ ಕೆಂಪು ಇಟ್ಟಿಗೆಯ ಅರಮನೆ ಮುಗಿದದ್ದು 1910ರಲ್ಲಿ, ಸೆರೆಯ ಇಪ್ಪತ್ತೈದನೆಯ ವರ್ಷದಲ್ಲಿ. ಇಂದಿಗೂ ಅದನ್ನು ಜನರು ಥೀಬಾ ಅರಮನೆಯೆಂದು ಕರೆಯುತ್ತಾರೆ. ಅದರ ಮಹಡಿಯಿಂದ ಕಡಲು ಕಾಣುತ್ತದೆ. ಆ ಕಡಲು ಬ್ರಹ್ಮದೇಶದ ಕಡೆಗೆ ಹೋಗುವುದಲ್ಲ.

ತಾಯಿಯ ಮದುವೆಗೆ ಕಾರಣವಾದ ರಾಜರಕ್ತದ ನಿಯಮವೇ ಈಗ ಮಕ್ಕಳ ಮದುವೆಗೆ ಅಡ್ಡ ಬಂದಿತು. ನಾಲ್ವರು ಹೆಣ್ಣುಮಕ್ಕಳು ಬೆಳೆದು ನಿಂತರು. ರಾಜವಂಶದ ವರನಲ್ಲದೆ ಬೇರೆಯವರಿಗೆ ಕೊಡುವಂತಿಲ್ಲ. ರಾಜವಂಶದ ವರರೋ, ಅವರಲ್ಲಿ ಬಹುಮಂದಿಯನ್ನು 1879ರಲ್ಲೇ ಚೀಲಗಳಲ್ಲಿ ಕಟ್ಟಿ ಮುಗಿಸಿಯಾಗಿತ್ತು. ಅಂದು ಬಿತ್ತಿದುದನ್ನು ತಾಯಿ ಹೀಗೆ ಕೊಯ್ದಳು. ಹಿರಿಯ ರಾಜಕುಮಾರಿ ಮನೆಯ ಕಾವಲಿನವನೊಬ್ಬನನ್ನು ಮೆಚ್ಚಿದಳು. ಅವನಿಗೆ ಆಗಲೇ ಮದುವೆಯಾಗಿತ್ತು. 1906ರಲ್ಲಿ ಅವಳಿಗೆ ಹೆಣ್ಣುಮಗುವಾಯಿತು. ಸವತಿಯನ್ನು ಸಹಿಸದ ರಾಣಿಯ ಮಗಳು ಇನ್ನೊಬ್ಬಳಿಗೆ ಸವತಿಯಂತೆ ಬದುಕಬೇಕಾಯಿತು. ಎರಡನೆಯವಳು ತಂದೆಯ ಕಾರ್ಯದರ್ಶಿಯಾಗಿದ್ದ ತರುಣನನ್ನು 1917ರಲ್ಲಿ ಮದುವೆಯಾಗಿ ಮನೆಯನ್ನು ತೊರೆದಳು. ತಾಯಿ ಆ ಮಗಳನ್ನು ಎಂದಿಗೂ ಕ್ಷಮಿಸಲಿಲ್ಲ. ಪ್ರೀತಿಸಿದವನನ್ನೇ ಪಡೆಯಬೇಕೆಂದು ಒಮ್ಮೆ ಸಂಪ್ರದಾಯವನ್ನು ಬದಿಗೊತ್ತಿ ಮುಂದೆ ನಿಂತ ಹುಡುಗಿ, ಮಗಳು ಅದನ್ನೇ ಮಾಡಿದಾಗ ಗುರುತು ಹಿಡಿಯಲಿಲ್ಲ.

ಮೂರು ಸಮಾಧಿಗಳು

1912ರಲ್ಲಿ ಕಿರಿಯ ರಾಣಿ ಸುಪಯಾಲೇ ರತ್ನಾಗಿರಿಯಲ್ಲಿ ತೀರಿಕೊಂಡಳು. 1916ರ ಡಿಸೆಂಬರಿನಲ್ಲಿ ಥೀಬೋ ಕಣ್ಮುಚ್ಚಿದನು. ಆಗ ಅವನಿಗೆ 57 ವರ್ಷ. ಇಬ್ಬರ ಶವಪೆಟ್ಟಿಗೆಗಳನ್ನೂ ಸುಪಯಾಲಾತ್ ರತ್ನಾಗಿರಿಯ ಮಣ್ಣಿಗೆ ಕೊಡಲು ಒಪ್ಪಲಿಲ್ಲ. ಅವು ಮ್ಯಾಂಡಲೇಗೆ ಹೋಗಬೇಕೆಂದು ಹಟ ಹಿಡಿದಳು. ಸರ್ಕಾರ ಕೇಳಲಿಲ್ಲ. ವರ್ಷಗಟ್ಟಲೆ ಪೆಟ್ಟಿಗೆಗಳು ಕಾದವು. ಕಡೆಗೆ 1919ರಲ್ಲಿ, ರಾಣಿಯ ಒಪ್ಪಿಗೆಯಿಲ್ಲದೆಯೇ, ಅಧಿಕಾರಿಗಳು ಅರಸನನ್ನೂ ಕಿರಿಯ ರಾಣಿಯನ್ನೂ ಅಲ್ಲಿಯೇ ಸಮಾಧಿ ಮಾಡಿಸಿದರು.

ಅದೇ ವರ್ಷ ಸುಪಯಾಲಾತಳಿಗೆ ಸ್ವದೇಶಕ್ಕೆ ಮರಳಲು ಅನುಮತಿ ದೊರೆಯಿತು. ಆದರೆ ರಂಗೂನಿನವರೆಗೆ ಮಾತ್ರ. ಮುಪ್ಪಿನ ದಿನಗಳನ್ನು ಅಲ್ಲಿ ಕಳೆದು 1925ರ ನವೆಂಬರ್ 24ರಂದು ಅವಳು ತೀರಿಕೊಂಡಳು. ಒಮ್ಮೆ ಅವಳ ಹೆಸರನ್ನು ಕೇಳಿ ನಡುಗಿದ್ದ ಜನರೇ ಅಂದು ಬೀದಿಗಳಲ್ಲಿ ಕಿಕ್ಕಿರಿದು ನೆರೆದರು. ಬಿಳಿಯ ಛತ್ರಿಗಳ ಕೆಳಗೆ ರಾಣಿಯ ಮರ್ಯಾದೆಯಿಂದಲೇ ಅಂತ್ಯಕ್ರಿಯೆ ನಡೆಯಿತು. ಶ್ವೇಡಗಾನ್ ಪಗೋಡದ ಸಮೀಪದಲ್ಲಿ ಅವಳ ಬಿಳಿಯ ಸಮಾಧಿಯಿದೆ.

ಮ್ಯಾಂಡಲೇಯ ಅರಮನೆ 1945ರ ಮಾರ್ಚಿಯಲ್ಲಿ ಯುದ್ಧದ ಬೆಂಕಿಗೆ ಆಹುತಿಯಾಯಿತು. ಮಿಂಡೋನನು ಪ್ರಾಣಬಿಟ್ಟ ಭವನವನ್ನು ಥೀಬೋ ಅಪಶಕುನವೆಂದು ಕೋಟೆಯ ಹೊರಕ್ಕೆ ಸಾಗಿಸಿ ವಿಹಾರಕ್ಕೆ ದಾನ ಕೊಟ್ಟಿದ್ದನು. ಆದುದರಿಂದ ಆ ಒಂದು ಭವನ ಮಾತ್ರ ಇಂದಿಗೂ ತನ್ನ ಕೆತ್ತನೆಗಳೊಡನೆ ನಿಂತಿದೆ. ಹಿರಿಯ ರಾಜಕುಮಾರಿ 1947ರಲ್ಲಿ ರತ್ನಾಗಿರಿಯಲ್ಲೇ ತೀರಿಕೊಂಡಳು. ಅವಳ ಮಗಳು, ಮ್ಯಾಂಡಲೇಯ ಕಡೆಯ ಅರಸನ ಮೊಮ್ಮಗಳು, ಆ ಊರಿನ ಜನರಲ್ಲಿ ಒಬ್ಬಳಾಗಿ ಮರಾಠಿಯನ್ನೇ ಆಡುತ್ತ ಬಡತನದಲ್ಲಿ ಬದುಕಿ 2000ದಲ್ಲಿ ಮಡಿದಳು. 2012ರ ಡಿಸೆಂಬರಿನಲ್ಲಿ ಆಗಿನ ಮ್ಯಾನ್ಮಾರಿನ ಅಧ್ಯಕ್ಷ ಥೀನ್ ಸೀನ್ ರತ್ನಾಗಿರಿಗೆ ಬಂದು ಥೀಬೋವಿನ ಸಮಾಧಿಗೆ ಗೌರವ ಸಲ್ಲಿಸಿದರು.

ಆ ಸಮಾಧಿಯನ್ನು ನೋಡಲು ಹೋದವರಿಗೆ ಅದರ ಪಕ್ಕದಲ್ಲಿ ಇನ್ನೊಂದು ಚಿಕ್ಕ ಸಮಾಧಿಯೂ ಕಾಣುತ್ತದೆ. ಅದು ಸುಪಯಾಲೇಯದು. ಗಂಡನನ್ನು ಯಾರೊಡನೆಯೂ ಹಂಚಿಕೊಳ್ಳಲಾರೆನೆಂದು ಬಾಳೆಲ್ಲ ಕಾದಾಡಿದ ಸುಪಯಾಲಾತ್ ಸಾವಿರಾರು ಮೈಲಿಗಳಾಚೆ ರಂಗೂನಿನಲ್ಲಿ ಒಬ್ಬಳೇ ಮಲಗಿದ್ದಾಳೆ. ಎಂದೂ ಏನನ್ನೂ ಬೇಡದಿದ್ದ ತಂಗಿ ಅರಸನ ಮಗ್ಗುಲಲ್ಲಿದ್ದಾಳೆ.